‘ಪ್ರಾಗ್ಮ್ಯಾಟಿಕ್’ ಎಂದು ಬರೆಯುವ ಮುನ್ನ: ಪದದ ಅರ್ಥ, ಬಳಕೆ ಮತ್ತು ಕನ್ನಡದ ಆಯ್ಕೆಗಳು

ಚುನಾವಣೆಯ ಹಿಂದಿನ ಸಂಜೆಯವರೆಗೂ ಪರಸ್ಪರ ಬೈದಾಡಿಕೊಂಡ ಎರಡು ಪಕ್ಷಗಳು ಫಲಿತಾಂಶ ಬಂದ ಮೇಲೆ ಕೈಜೋಡಿಸಿದರೆ ಅದನ್ನು ‘ಪ್ರಾಗ್ಮ್ಯಾಟಿಕ್’ ನಡೆ, ಅಂದರೆ ಪರಿಸ್ಥಿತಿ ನೋಡಿ ಆಗುವ ದಾರಿ ಹಿಡಿದ ನಡೆ, ಎನ್ನುತ್ತಾರೆ. ಕಂಪನಿಯೊಂದು ನೂರಾರು ಜನರನ್ನು ಕೆಲಸದಿಂದ ತೆಗೆದರೆ ಅದೂ ‘ಪ್ರಾಗ್ಮ್ಯಾಟಿಕ್’ ತೀರ್ಮಾನ. ಮಗಳ ಮದುವೆಯನ್ನು ದೊಡ್ಡ ಛತ್ರದ ಬದಲು ಊರಿನ ದೇವಸ್ಥಾನದಲ್ಲಿ ಮುಗಿಸಿ, ಉಳಿದ ಹಣವನ್ನು ಅವಳ ಹೆಸರಿನಲ್ಲಿ ಠೇವಣಿ ಇಟ್ಟ ತಂದೆಯೂ ‘ಪ್ರಾಗ್ಮ್ಯಾಟಿಕ್’ ಮನುಷ್ಯ. ಮೊದಲನೆಯದರ ಹಿಂದೆ ಅಧಿಕಾರದ ಆಸೆ ಇರಬಹುದು, ಎರಡನೆಯದರ ಹಿಂದೆ ಷೇರುದಾರರ ಒತ್ತಡ ಇರಬಹುದು. ಮೂರನೆಯದರಲ್ಲಿ ಮಾತ್ರ ಈ ಪದಕ್ಕೆ ಏನಾದರೂ ಕೆಲಸವಿದೆ. ಆದರೂ ಮೂರಕ್ಕೂ ಒಂದೇ ಹಣೆಪಟ್ಟಿ.

ಸುದ್ದಿ ಬರೆಯುವವರು, ಇಂಗ್ಲಿಷಿನಿಂದ ಅನುವಾದ ಮಾಡುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಪ್ರಬಂಧ ಸಿದ್ಧಪಡಿಸುವವರು, ಕಚೇರಿಯಲ್ಲಿ ಟಿಪ್ಪಣಿ ಬರೆಯುವವರು ಈ ಪದವನ್ನು ಹೇಗೆ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಹೇಳಿದ್ದೇನೆ. ಇಡೀ ಲೇಖನದ ಹಿಂದಿರುವ ನಿಲುವು ಒಂದೇ. ಯಾವುದೇ ನಿರ್ಧಾರವನ್ನು ಪ್ರಾಗ್ಮ್ಯಾಟಿಕ್ ಎಂದು ಕರೆಯಬೇಕಾದರೆ, ಅದರ ಗುರಿ ಏನು ಮತ್ತು ಅದಕ್ಕಾಗಿ ಬಿಟ್ಟುಕೊಟ್ಟದ್ದು ಏನು ಎಂಬ ಎರಡನ್ನೂ ಹೇಳಲು ಬರುವಂತಿರಬೇಕು. ಬಾರದಿದ್ದರೆ ಆ ಪದ ಅಲ್ಲಿ ಬೇಡ.

ಹೆಜ್ಜೆ 1: ಪದ ನಡೆದು ಬಂದ ದಾರಿಯನ್ನು ತಿಳಿದುಕೊಳ್ಳಿ

ಗ್ರೀಕ್ ಭಾಷೆಯಲ್ಲಿ ‘ಪ್ರಾಗ್ಮ’ ಎಂದರೆ ಮಾಡಿದ ಕೆಲಸ, ಕಾರ್ಯ, ವ್ಯವಹಾರ. ‘ಪ್ರಾಕ್ಟಿಕಲ್’, ‘ಪ್ರಾಕ್ಟೀಸ್’ ಎಂಬ ಪದಗಳೂ ಇದೇ ಬೇರಿನಿಂದ ಹೊರಟವು. ರೋಮಿನ ಸಿಸೆರೊ ತನ್ನ ವಾಕ್ಕಲೆಯ ಗ್ರಂಥದಲ್ಲಿ ಗ್ರೀಕರ ನ್ಯಾಯಾಲಯಗಳ ಒಂದು ಪದ್ಧತಿಯನ್ನು ಹೇಳುತ್ತಾನೆ: ಅಲ್ಲಿ ಭಾಷಣ ಮಾಡುವ ವಾಗ್ಮಿ ಬೇರೆ, ಅವನಿಗೆ ಕಾನೂನಿನ ಅಂಶಗಳನ್ನು ಒದಗಿಸುವ ಅಲ್ಪ ಸಂಬಳದ ಸಹಾಯಕ ಬೇರೆ. ಆ ಸಹಾಯಕರ ಹೆಸರು ‘ಪ್ರಾಗ್ಮ್ಯಾಟಿಕೊಯ್’. ನಮ್ಮ ಕೋರ್ಟುಗಳ ಆವರಣದಲ್ಲಿ ಕಡತ ಹಿಡಿದು ಓಡಾಡುವ ಅನುಭವಿ ಗುಮಾಸ್ತರನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ.

ಅಲ್ಲಿಂದ ಮುಂದೆ ಪದ ಅಡ್ಡದಾರಿಗಳನ್ನು ಹಿಡಿಯಿತು. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಅದು ಬೈಗುಳಕ್ಕೆ ಸಮೀಪ. ತನಗೆ ಸಂಬಂಧಿಸದ ವಿಷಯಗಳಲ್ಲಿ ಮೂಗು ತೂರಿಸುವವನನ್ನು ಹಾಗೆ ಕರೆಯುತ್ತಿದ್ದರು. ಇತಿಹಾಸದ ಪುಸ್ತಕಗಳಲ್ಲಿ ಬರುವ 1713ರ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಎಂಬುದು ಆಸ್ಟ್ರಿಯಾವನ್ನು ಆಳುತ್ತಿದ್ದ ಪವಿತ್ರ ರೋಮನ್ ಚಕ್ರವರ್ತಿ ಆರನೆಯ ಚಾರ್ಲ್ಸ್ ತನ್ನ ವಂಶದ ಹೆಣ್ಣುಮಕ್ಕಳಿಗೂ ಸಿಂಹಾಸನ ಸಿಗಲೆಂದು ಹೊರಡಿಸಿದ ಶಾಸನ. ಅದಕ್ಕೂ ‘ವ್ಯಾವಹಾರಿಕ ಬುದ್ಧಿ’ಗೂ ನೇರ ಸಂಬಂಧವಿಲ್ಲ. ಅನುವಾದಕರು ಅಲ್ಲಿ ‘ವ್ಯಾವಹಾರಿಕ ಅನುಮೋದನೆ’ ಎಂದು ಬರೆದರೆ ಓದುಗ ದಾರಿ ತಪ್ಪುತ್ತಾನೆ. ಹೆಸರನ್ನು ಹಾಗೆಯೇ ಉಳಿಸಿ, ಅದೊಂದು ರಾಜಶಾಸನವೆಂದು ಒಂದು ಮಾತು ಸೇರಿಸಿದರೆ ಸಾಕು.

ಇಂದಿನ ಅರ್ಥದ ಬೀಜ ಇರುವುದು ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಬರೆದ ಒಂದು ಸಣ್ಣ ಉದಾಹರಣೆಯಲ್ಲಿ. 1781ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಆತ ಒಬ್ಬ ವೈದ್ಯನ ಮಾತೆತ್ತುತ್ತಾನೆ. ರೋಗಿಯ ಪ್ರಾಣ ಅಪಾಯದಲ್ಲಿದೆ, ರೋಗ ಯಾವುದೆಂದು ಖಚಿತವಿಲ್ಲ. ಲಕ್ಷಣಗಳನ್ನು ನೋಡಿದ ವೈದ್ಯ ಇದು ಕ್ಷಯವಿರಬೇಕೆಂದು ನಂಬಿ ಚಿಕಿತ್ಸೆಗೆ ಇಳಿಯುತ್ತಾನೆ. ಇನ್ನೊಬ್ಬ ವೈದ್ಯ ಬಂದರೆ ಇನ್ನೂ ಸರಿಯಾಗಿ ಹೇಳಬಹುದು, ಆದರೆ ಈಗ ಏನಾದರೂ ಮಾಡಲೇಬೇಕು. ಹೀಗೆ ಕಾರ್ಯಕ್ಕೆ ಆಧಾರವಾಗುವ, ಬದಲಾಗಲು ಸಿದ್ಧವಿರುವ ನಂಬಿಕೆಯನ್ನು ಕಾಂಟ್ ‘ಪ್ರಾಗ್ಮ್ಯಾಟಿಕ್ ನಂಬಿಕೆ’ ಎಂದ. ಗುರಿ ಖಚಿತ, ಜ್ಞಾನ ಅರೆಬರೆ, ಆದರೂ ಹೆಜ್ಜೆ ಇಡಲೇಬೇಕು: ಈ ಮೂರೂ ಒಟ್ಟಿಗೆ ಇರುವ ಸಂದರ್ಭವೇ ಈ ಪದದ ಮನೆ.

ಹೆಜ್ಜೆ 2: ಯಾವ ಅರ್ಥದಲ್ಲಿ ಬಂದಿದೆ ಎಂದು ಮೊದಲು ಗುರುತಿಸಿ

ಪದ ಎದುರಾದಾಗ ಅದು ದಿನಬಳಕೆಯ ವಿಶೇಷಣವೋ, ತತ್ವಶಾಸ್ತ್ರದ ಪಾರಿಭಾಷಿಕವೋ, ಭಾಷಾವಿಜ್ಞಾನದ ಶಾಖೆಯೋ ಎಂದು ನೋಡಬೇಕು. ಮೂರಕ್ಕೂ ಒಂದೇ ಕನ್ನಡ ಪದ ಹೊಂದುವುದಿಲ್ಲ.

ತತ್ವಶಾಸ್ತ್ರದ ಪ್ರಾಗ್ಮ್ಯಾಟಿಸಂ ಅಮೆರಿಕದಲ್ಲಿ ಹುಟ್ಟಿತು. ಮಸಾಚುಸೆಟ್ಸಿನ ಕೇಂಬ್ರಿಜ್‌ನಲ್ಲಿ 1870ರ ದಶಕದ ಆರಂಭದಲ್ಲಿ ಕೆಲವು ತರುಣರು ಸೇರಿ ಚರ್ಚಿಸುತ್ತಿದ್ದರು. ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್, ವಿಲಿಯಂ ಜೇಮ್ಸ್ ಅವರಲ್ಲಿ ಇಬ್ಬರು. ಪರ್ಸ್ 1878ರ ಒಂದು ಪ್ರಬಂಧದಲ್ಲಿ ಕೇಳಿದ ಪ್ರಶ್ನೆ ಸರಳ: ಒಂದು ವಸ್ತು ‘ಗಟ್ಟಿ’ ಎಂದರೆ ಏನು? ಬೇರೆ ಅನೇಕ ವಸ್ತುಗಳಿಂದ ಗೀರಿದರೂ ಅದರ ಮೇಲೆ ಗೆರೆ ಬೀಳುವುದಿಲ್ಲ ಎಂದು. ಅಷ್ಟೇ. ಒಂದು ಪರಿಕಲ್ಪನೆಯಿಂದ ಅನುಭವಕ್ಕೆ ಬರಬಹುದಾದ ಪರಿಣಾಮಗಳೆಲ್ಲವನ್ನೂ ಹೇಳಿ ಮುಗಿಸಿದರೆ ಆ ಪರಿಕಲ್ಪನೆಯ ಅರ್ಥವೂ ಮುಗಿಯಿತು.

ಇದನ್ನು ಜನಪ್ರಿಯಗೊಳಿಸಿದವರು ಜೇಮ್ಸ್. 1898ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಪದವನ್ನು ಸಾರ್ವಜನಿಕವಾಗಿ ಪರಿಚಯಿಸಿದರು. 1907ರಲ್ಲಿ ಉಪನ್ಯಾಸಗಳ ಪುಸ್ತಕ ಬಂತು. ಅದರಲ್ಲಿ ಅವರು ಹೇಳುವ ಅಳಿಲಿನ ಕಥೆ ನೆನಪಿನಲ್ಲಿ ಇಟ್ಟುಕೊಳ್ಳುವಂಥದ್ದು. ಮರದ ಕಾಂಡದ ಒಂದು ಬದಿಯಲ್ಲಿ ಅಳಿಲು, ಎದುರು ಬದಿಯಲ್ಲಿ ಮನುಷ್ಯ. ಅವನು ಅಳಿಲನ್ನು ನೋಡಲೆಂದು ಮರವನ್ನು ಸುತ್ತುತ್ತಾನೆ, ಅಳಿಲೂ ಅಷ್ಟೇ ವೇಗದಲ್ಲಿ ಕಾಂಡದ ಮೇಲೆ ಸರಿಯುತ್ತ ಮರೆಯಾಗಿಯೇ ಉಳಿಯುತ್ತದೆ. ಮನುಷ್ಯ ಮರವನ್ನು ಸುತ್ತಿದ್ದಂತೂ ನಿಜ; ಅಳಿಲನ್ನು ಸುತ್ತಿದನೇ? ಬೆಟ್ಟದಲ್ಲಿ ಬಿಡಾರ ಹೂಡಿದ್ದ ಜೇಮ್ಸ್ ಅವರ ಗೆಳೆಯರು ಇದೇ ವಿಷಯಕ್ಕೆ ಎರಡು ಪಂಗಡವಾಗಿ ಜಗಳಕ್ಕೆ ಇಳಿದಿದ್ದರು. ‘ಸುತ್ತುವುದು’ ಎಂದರೆ ಅಳಿಲಿನ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ದಿಕ್ಕುಗಳಿಗೆ ಸರದಿಯಂತೆ ಬರುವುದು ಎನ್ನುವುದಾದರೆ ಹೌದು, ಅದರ ಮುಂದೆ, ಬಲಕ್ಕೆ, ಹಿಂದೆ, ಎಡಕ್ಕೆ ಬರುವುದು ಎನ್ನುವುದಾದರೆ ಇಲ್ಲ, ಎಂದು ಜೇಮ್ಸ್ ತೀರ್ಪು ಕೊಟ್ಟರು. ಯಾವ ಪರಿಣಾಮದ ಬಗ್ಗೆ ಕೇಳುತ್ತಿದ್ದೀರಿ ಎಂದು ತಿಳಿದೊಡನೆ ಜಗಳ ಕರಗುತ್ತದೆ.

ನಮ್ಮ ಊರಿನ ಕಟ್ಟೆಗೂ ಈ ಕಥೆ ಹೊಂದುತ್ತದೆ. ‘ನಮ್ಮದು ಹಳ್ಳಿಯೋ ಪಟ್ಟಣವೋ’ ಎಂದು ದಿನವಿಡೀ ವಾದಿಸಬಹುದು, ಕೊನೆಯಿರುವುದಿಲ್ಲ. ಆದರೆ ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೆ ಏರಿಸುವ ಪ್ರಸ್ತಾವ ಬಂದ ದಿನ ಅದೇ ವಾದಕ್ಕೆ ಜೀವ ಬರುತ್ತದೆ: ತೆರಿಗೆಯ ದರ ಬದಲಾಗುತ್ತದೆ, ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ನಿಲ್ಲುತ್ತದೆ, ಬೀದಿದೀಪ ಮತ್ತು ಚರಂಡಿಗೆ ಬೇರೆ ಅನುದಾನ ಬರುತ್ತದೆ. ಈಗ ‘ಪಟ್ಟಣ’ ಎಂಬ ಪದಕ್ಕೆ ಪರಿಣಾಮಗಳಿವೆ, ಆದ್ದರಿಂದ ಅರ್ಥವೂ ಇದೆ.

ಜೇಮ್ಸ್ ಪದವನ್ನು ಹಿಗ್ಗಿಸಿದ ರೀತಿ ಪರ್ಸ್‌ಗೆ ಹಿಡಿಸಲಿಲ್ಲ. 1905ರಲ್ಲಿ ಅವರು ತಮ್ಮ ಸಿದ್ಧಾಂತಕ್ಕೆ ‘ಪ್ರಾಗ್ಮ್ಯಾಟಿಸಿಸಂ’ ಎಂದು ಹೊಸ ಹೆಸರಿಟ್ಟು, ಅಪಹರಣಕಾರರು ಮುಟ್ಟದಷ್ಟು ಕುರೂಪಿ ಹೆಸರು ಇದು ಎಂದು ತಾವೇ ಹೇಳಿಕೊಂಡರು. ಹಾಗೆಯೇ ಆಯಿತು, ಯಾರೂ ಕದಿಯಲಿಲ್ಲ.

ಈ ಪರಂಪರೆಯ ಮೂರನೆಯ ದೊಡ್ಡ ಹೆಸರು ಜಾನ್ ಡ್ಯೂಯಿ. ಭಾರತಕ್ಕೆ ಅವರ ಮೂಲಕ ಗಟ್ಟಿಯಾದ ನಂಟಿದೆ. 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅಂಬೇಡ್ಕರ್ ಅಲ್ಲಿ ಡ್ಯೂಯಿ ಅವರ ಪಾಠ ಕೇಳಿದರು. 1936ರ ‘ಜಾತಿ ವಿನಾಶ’ದಲ್ಲಿ ಡ್ಯೂಯಿ ಅವರನ್ನು ತಮ್ಮ ಗುರುವೆಂದು ನೆನೆದು, ಸಮಾಜವು ತನಗೆ ಬಂದದ್ದನ್ನೆಲ್ಲ ಮುಂದಿನವರಿಗೆ ದಾಟಿಸಬೇಕಾಗಿಲ್ಲ, ಉತ್ತಮ ನಾಳೆಗೆ ಬೇಕಾದದ್ದನ್ನು ಮಾತ್ರ ದಾಟಿಸಬೇಕು ಎಂಬ ಅವರ ವಿಚಾರವನ್ನು ಎತ್ತಿಕೊಂಡರು. ಇಲ್ಲೊಂದು ವಿಷಯವನ್ನು ಬರಹಗಾರರು ಗಮನಿಸಬೇಕು. ಜಾತಿಪದ್ಧತಿಯನ್ನು ಮುರಿಯಲು ಹೊರಟಿದ್ದ ಲಾಹೋರಿನ ಸಂಘ ಜಾತ್‌ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಅಂಬೇಡ್ಕರ್ ಸಿದ್ಧಪಡಿಸಿದ್ದ ಭಾಷಣ ಅದು. ಕೆಲವು ಭಾಗಗಳನ್ನು ತೆಗೆಯಿರಿ ಎಂದು ಸಂಘಟಕರು ಕೇಳಿದಾಗ, ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದರು. ಸಮ್ಮೇಳನ ನಡೆಯಲಿಲ್ಲ, ಅವರು ಅದನ್ನು ತಾವೇ ಅಚ್ಚು ಹಾಕಿಸಿದರು. ಪ್ರಾಗ್ಮ್ಯಾಟಿಸಂನ ಶಿಷ್ಯ ರಾಜಿಗೆ ಒಪ್ಪಲಿಲ್ಲ. ‘ಪ್ರಾಗ್ಮ್ಯಾಟಿಕ್ ಆಗಿರುವುದು’ ಎಂದರೆ ‘ಬಗ್ಗುವುದು’ ಎಂದು ಬರೆಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ಭಾಷಾವಿಜ್ಞಾನದ ‘ಪ್ರಾಗ್ಮ್ಯಾಟಿಕ್ಸ್’ ಇನ್ನೊಂದು ಲೋಕ. ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಮಾರಿಸ್ 1938ರಲ್ಲಿ ಚಿಹ್ನೆಗಳ ಅಧ್ಯಯನವನ್ನು ಮೂರಾಗಿ ವಿಂಗಡಿಸಿದಾಗ, ಮಾತಿಗೂ ಅದನ್ನು ಆಡುವವರಿಗೂ ಇರುವ ಸಂಬಂಧಕ್ಕೆ ಈ ಹೆಸರು ಬಂತು. ದಾರಿಯಲ್ಲಿ ಸಿಕ್ಕವರು ‘ಊಟ ಆಯಿತೇ?’ ಎಂದರೆ ಅನ್ನ ಬಡಿಸುತ್ತಾರೆಂದು ಅರ್ಥವಲ್ಲ. ‘ಹೋಗಿ ಬರುತ್ತೇನೆ’ ಎಂದವರು ಸಂಜೆಗೆ ಮರಳಿ ಬರಬೇಕಾಗಿಲ್ಲ. ಸಾಲ ಕೇಳಿದಾಗ ಎದುರಿನವರು ‘ನೋಡೋಣ’ ಎಂದರೆ ಬೇರೆ ಮನೆಯ ಬಾಗಿಲು ತಟ್ಟುವುದು ಲೇಸು. ಶಬ್ದದ ಅರ್ಥ ಒಂದು, ಸಂದರ್ಭದ ಅರ್ಥ ಇನ್ನೊಂದು. ಈ ಎರಡನೆಯದರ ಶಾಸ್ತ್ರವೇ ಪ್ರಾಗ್ಮ್ಯಾಟಿಕ್ಸ್. ಇದನ್ನು ‘ವ್ಯವಹಾರಜ್ಞಾನ’ ಎಂದು ಅನುವಾದಿಸಿದರೆ ಎಡವಟ್ಟು. ‘ಸಂದರ್ಭಾರ್ಥದ ಅಧ್ಯಯನ’ ಎಂದು ಬಿಡಿಸಿ ಹೇಳಿದರೆ ಓದುಗನಿಗೆ ತಿಳಿಯುತ್ತದೆ.

ಹೆಜ್ಜೆ 3: ಗುರಿ, ತ್ಯಾಗ, ಫಲ, ಹೇಳುವವರು

ದಿನಬಳಕೆಯ ಅರ್ಥವೇ ಹೆಚ್ಚು ಕಾಡುವುದು. ಅಲ್ಲಿ ಪದವನ್ನು ಬರೆಯುವ ಮುನ್ನ ನಾಲ್ಕು ವಿಷಯ ವಿಚಾರಿಸಿ. ಏನನ್ನು ಸಾಧಿಸಬೇಕಾಗಿತ್ತು? ಅದಕ್ಕಾಗಿ ಏನನ್ನು ಬಿಟ್ಟರು? ಕೈಗೆ ಬಂದದ್ದು ಏನು? ಇದು ಪ್ರಾಗ್ಮ್ಯಾಟಿಕ್ ಎಂದು ಹೇಳುತ್ತಿರುವವರು ಯಾರು?

ಕನ್ನಂಬಾಡಿ ಅಣೆಕಟ್ಟನ್ನು ಈ ಪ್ರಶ್ನೆಗಳ ಎದುರು ನಿಲ್ಲಿಸಿ ನೋಡೋಣ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ ಮೈಸೂರು ಸಂಸ್ಥಾನ 41.5 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯವನ್ನು ಎರಡು ಹಂತಗಳಲ್ಲಿ ಕಟ್ಟಲು ಯೋಜಿಸಿತು. ಮೆಟ್ಟೂರಿನಲ್ಲಿ ತನ್ನದೇ ಅಣೆಕಟ್ಟಿನ ಕನಸು ಕಂಡಿದ್ದ ಮದ್ರಾಸ್ ಸರ್ಕಾರ ಒಪ್ಪಲಿಲ್ಲ. ವಿಷಯ ಭಾರತ ಸರ್ಕಾರದವರೆಗೆ ಹೋಗಿ, ಕೊನೆಗೆ 11 ಟಿಎಂಸಿ ಅಡಿಗೆ ಮಾತ್ರ ಅನುಮತಿ ದೊರೆಯಿತು. ಮೈಸೂರು ಆ ಅನುಮತಿಯನ್ನು ಸ್ವೀಕರಿಸಿ 1911ರಲ್ಲಿ ಕೆಲಸ ಆರಂಭಿಸಿತು, ಆದರೆ ಬುನಾದಿಯನ್ನು ಮಾತ್ರ ಪೂರ್ಣ ಯೋಜನೆಗೆ ತಕ್ಕಷ್ಟು ಅಗಲವಾಗಿ ಹಾಕಿತು. ದೇಶದಲ್ಲಿ ಸಿಮೆಂಟ್ ಸುಲಭವಾಗಿ ಸಿಗದ ಕಾಲ ಅದು. ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದಲೇ ಕಟ್ಟಿದರು.

ಸುರ್ಕಿಯ ಆಯ್ಕೆಯನ್ನು ಪ್ರಾಗ್ಮ್ಯಾಟಿಕ್ ಎನ್ನಲು ಯಾರ ತಕರಾರೂ ಇರಲಾರದು. ಗುರಿ ಅಣೆಕಟ್ಟು, ಬಿಟ್ಟದ್ದು ದುಬಾರಿಯ ಸಾಮಗ್ರಿ, ಫಲ ಕಣ್ಣೆದುರಿಗೆ ನಿಂತಿದೆ. ಬುನಾದಿಯ ವಿಷಯ ಮಾತ್ರ ಅಷ್ಟು ಸಲೀಸಲ್ಲ. ಸಿಕ್ಕಷ್ಟು ಅನುಮತಿಯಲ್ಲಿ ಕೆಲಸ ಶುರು ಮಾಡಿ, ನಾಳೆ ಎತ್ತರಿಸಲು ಜಾಗ ಉಳಿಸಿಕೊಂಡದ್ದು ದೂರದೃಷ್ಟಿ ಎಂದು ಮಂಡ್ಯದ ರೈತ ಹೇಳಿಯಾನು. ಕೊಟ್ಟ ಅನುಮತಿಯನ್ನು ಮೀರುವ ಹಂಚಿಕೆ ಇದು ಎಂದು ಅಂದಿನ ಮದ್ರಾಸಿನ ಅಧಿಕಾರಿ ಹೇಳಿಯಾನು. ಜಗಳ ನ್ಯಾಯಮೂರ್ತಿ ಗ್ರಿಫಿನ್ ಅವರ ಮಧ್ಯಸ್ಥಿಕೆಗೆ ಹೋಯಿತು, 1914ರಲ್ಲಿ ತೀರ್ಪು ಬಂತು, ಮದ್ರಾಸ್ ಅದನ್ನು ಪ್ರಶ್ನಿಸಿತು, ಹಗ್ಗಜಗ್ಗಾಟ 1924ರ ಒಪ್ಪಂದದವರೆಗೆ ಎಳೆಯಿತು. ಇಂಥ ಕಡೆ ‘ಮೈಸೂರಿನ ಪ್ರಾಗ್ಮ್ಯಾಟಿಕ್ ನಡೆ’ ಎಂದು ಬರೆದರೆ ಬರಹಗಾರ ಒಂದು ಪಕ್ಷ ಹಿಡಿದಾಯಿತು. ಹಿಡಿಯುವುದು ತಪ್ಪಲ್ಲ, ನಾನೂ ಮೈಸೂರಿನ ಕಡೆಗೇ ವಾಲುತ್ತೇನೆ. ಆದರೆ ವಿಶೇಷಣದ ಮರೆಯಲ್ಲಿ ಅಡಗಿ ಹಿಡಿಯಬಾರದು. ‘ಅನುಮತಿ 11ಕ್ಕೆ, ಬುನಾದಿ 41.5ಕ್ಕೆ’ ಎಂದು ಬರೆದರೆ ಓದುಗ ತಾನೇ ತೂಗಿಕೊಳ್ಳುತ್ತಾನೆ.

ನಾಲ್ಕನೆಯ ಪ್ರಶ್ನೆಯನ್ನು ಜನ ಹೆಚ್ಚಾಗಿ ಮರೆಯುತ್ತಾರೆ. 1962ರಲ್ಲಿ ಚೀನಾದ ಡೆಂಗ್ ಷಿಯಾವೊಪಿಂಗ್ ಕೃಷಿಯ ಬಗ್ಗೆ ಮಾತನಾಡುತ್ತ ಸಿಚುವಾನ್ ಸೀಮೆಯ ಒಂದು ಗಾದೆಯನ್ನು ಬಳಸಿದರು: ಬೆಕ್ಕು ಹಳದಿಯೋ ಕಪ್ಪೋ, ಇಲಿ ಹಿಡಿದರೆ ಅದು ಒಳ್ಳೆಯ ಬೆಕ್ಕು. ಮುಂದೆ ಜಗತ್ತು ಅದನ್ನು ಬಿಳಿ ಬೆಕ್ಕು, ಕಪ್ಪು ಬೆಕ್ಕು ಎಂದು ನೆನಪಿಟ್ಟುಕೊಂಡಿತು. ಪ್ರಾಗ್ಮ್ಯಾಟಿಕ್ ಚಿಂತನೆಗೆ ಇದಕ್ಕಿಂತ ಪ್ರಸಿದ್ಧ ಉದಾಹರಣೆ ಇರಲಾರದು. ಆದರೆ ಹಿಡಿಯಬೇಕಾದದ್ದು ಇಲಿಯನ್ನೇ ಎಂದು ತೀರ್ಮಾನಿಸಿದವರು ಯಾರು ಎಂಬುದು ಗಾದೆಯ ಹೊರಗೇ ಉಳಿಯುತ್ತದೆ. ನಮ್ಮ ಬೆಕ್ಕಿನ ಗಾದೆ ಇನ್ನೂ ಚುರುಕು: ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಯೋಜನೆ ಎಷ್ಟೇ ಸೊಗಸಾಗಿರಲಿ, ಮಾಡುವ ಕೈ ಎಲ್ಲಿದೆ ಎಂದು ಅದು ಕೇಳುತ್ತದೆ.

ಹೆಜ್ಜೆ 4: ನೆರೆಯ ಪದಗಳಿಂದ ಬೇರ್ಪಡಿಸಿ

‘ಪ್ರಾಕ್ಟಿಕಲ್’ ವಸ್ತುವಿಗೂ ಹೊಂದುತ್ತದೆ, ಮನುಷ್ಯನಿಗೂ ಹೊಂದುತ್ತದೆ. ಪ್ರಯಾಣಕ್ಕೆ ಹತ್ತಿ ಚೀಲ ಪ್ರಾಕ್ಟಿಕಲ್. ಯಾವ ಚೀಲವೂ ಪ್ರಾಗ್ಮ್ಯಾಟಿಕ್ ಆಗಲಾರದು. ಪ್ರಾಗ್ಮ್ಯಾಟಿಕ್ ಎನ್ನಲು ಆಯ್ಕೆ ಮಾಡುವ ಮನಸ್ಸೊಂದು ಬೇಕು. ವ್ಯಕ್ತಿ, ನಿರ್ಧಾರ, ನೀತಿ, ಧೋರಣೆ ಇವುಗಳಿಗೆ ಮಾತ್ರ ಅದು ಸಲ್ಲುತ್ತದೆ.

‘ರಿಯಲಿಸ್ಟಿಕ್’ ನೋಟಕ್ಕೆ ಸಂಬಂಧಿಸಿದ್ದು. ಮಳೆ ತಡವಾಗುತ್ತದೆ, ಬೆಲೆ ಬೀಳುತ್ತದೆ ಎಂದು ಕಣ್ಣು ತೆರೆದು ಒಪ್ಪಿಕೊಂಡವನು ವಾಸ್ತವವಾದಿ. ಅದನ್ನು ಒಪ್ಪಿಕೊಂಡ ಮೇಲೆ ಎರಡು ಎಕರೆ ಭತ್ತದ ಜಾಗದಲ್ಲಿ ರಾಗಿ ಬಿತ್ತಿದವನು ಪ್ರಾಗ್ಮ್ಯಾಟಿಕ್. ಕಂಡು ಸುಮ್ಮನೆ ಕುಳಿತವನಿಗೆ ಎರಡನೆಯ ಪದ ಸಿಗುವುದಿಲ್ಲ.

ಅವಕಾಶವಾದಿಯಿಂದ ಬೇರ್ಪಡಿಸುವುದು ಎಲ್ಲಕ್ಕಿಂತ ಮುಖ್ಯ. ಪ್ರಾಗ್ಮ್ಯಾಟಿಕ್ ವ್ಯಕ್ತಿಯ ದಾರಿ ಬದಲಾಗುತ್ತದೆ, ಗುರಿ ನಿಂತಲ್ಲೇ ಇರುತ್ತದೆ. ಅವಕಾಶವಾದಿಯ ಗುರಿಯೇ ಗಾಳಿ ಬೀಸಿದ ಕಡೆಗೆ ತಿರುಗುತ್ತದೆ. ಅಂಥವರಿಗೆ ಕನ್ನಡದಲ್ಲಿ ‘ಅನುಕೂಲಸಿಂಧು’, ‘ಸಮಯಸಾಧಕ’ ಎಂಬ ಒಳ್ಳೆಯ ಪದಗಳಿವೆ. ಅವನ್ನು ಬರೆಯಲು ಧೈರ್ಯ ಸಾಲದಾದಾಗ ‘ಪ್ರಾಗ್ಮ್ಯಾಟಿಕ್’ ಎಂಬ ಮೆತ್ತನೆಯ ಪದವನ್ನು ಎಳೆದು ತರುವುದನ್ನು ನಾನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತೇನೆ.

ಹೆಜ್ಜೆ 5: ಕನ್ನಡದ ಪದವನ್ನು ಆರಿಸಿ

ಮೊದಲು ಕೈಗೆ ಸಿಗುವುದು ‘ಪ್ರಾಯೋಗಿಕ’. ಇದೇ ಹೆಚ್ಚು ಗೊಂದಲ ಹುಟ್ಟಿಸುವುದೂ ಹೌದು. ಪ್ರಯೋಗ ಎಂದರೆ ಬಳಕೆ, ಪ್ರಯೋಗ ಎಂದರೆ ಪರೀಕ್ಷಿಸಿ ನೋಡುವುದು. ಪಿಯುಸಿ ವಿದ್ಯಾರ್ಥಿಗೆ ಪ್ರಾಯೋಗಿಕ ಪರೀಕ್ಷೆ ಎಂದರೆ ಲ್ಯಾಬಿನಲ್ಲಿ ನಡೆಯುವುದು. ‘ಏಕಮುಖ ಸಂಚಾರವನ್ನು ಪ್ರಾಯೋಗಿಕವಾಗಿ ಜಾರಿಗೊಳಿಸಲಾಗಿದೆ’ ಎಂದರೆ ಮಾಡಿ ನೋಡುತ್ತಿದ್ದಾರೆ, ಬೇಡವಾದರೆ ತೆಗೆಯುತ್ತಾರೆ. ಹಾಗಿರುವಾಗ ‘ಸರ್ಕಾರದ ಪ್ರಾಯೋಗಿಕ ನಿಲುವು’ ಎಂದು ಬರೆದರೆ, ಸರ್ಕಾರ ಈ ನಿಲುವನ್ನು ಎಷ್ಟು ದಿನದ ಮಟ್ಟಿಗೆ ಇಟ್ಟುಕೊಂಡಿದೆ ಎಂದು ಓದುಗ ಕೇಳುತ್ತಾನೆ. (ಕೆಲವು ನಿಲುವುಗಳ ಮಟ್ಟಿಗೆ ಆ ಪ್ರಶ್ನೆ ಸರಿಯಾಗಿಯೇ ಇರುತ್ತದೆ ಎನ್ನಿ.)

‘ವ್ಯಾವಹಾರಿಕ’ ಅರ್ಥದಲ್ಲಿ ತೀರ ಹತ್ತಿರ. ಗ್ರೀಕಿನ ‘ಪ್ರಾಗ್ಮ’ದ ಸರಿಸುಮಾರು ಎಲ್ಲ ಅರ್ಥಗಳೂ ‘ವ್ಯವಹಾರ’ದಲ್ಲಿವೆ. ಕೆಲಸ, ಕೊಡುಕೊಳ್ಳುವಿಕೆ, ಕೋರ್ಟಿನ ವ್ಯಾಜ್ಯ ಎಲ್ಲವೂ. ತೊಂದರೆ ಇರುವುದು ಧ್ವನಿಯಲ್ಲಿ. ‘ಅವರು ತುಂಬಾ ವ್ಯಾವಹಾರಿಕ’ ಎಂದು ಬೀಗರ ಬಗ್ಗೆ ಯಾರಾದರೂ ಹೇಳಿದರೆ ಅದು ಹೊಗಳಿಕೆಯಲ್ಲ. ಸಂಬಂಧದಲ್ಲೂ ಲೆಕ್ಕ ಇಡುತ್ತಾರೆ ಎಂಬ ದೂರು. ಆದ್ದರಿಂದ ವ್ಯಕ್ತಿಗಿಂತ ವಿಷಯಕ್ಕೆ ಇದನ್ನು ಬಳಸುವುದು ಕ್ಷೇಮ: ‘ವ್ಯಾವಹಾರಿಕ ತೊಡಕು’, ‘ವ್ಯಾವಹಾರಿಕ ದೃಷ್ಟಿಯಿಂದ’.

ತತ್ವಶಾಸ್ತ್ರದ ಅನುವಾದದಲ್ಲಿ ಇದೇ ಪದಕ್ಕೆ ಇನ್ನೊಂದು ಅಪಾಯವಿದೆ. ಅದ್ವೈತದಲ್ಲಿ ಪ್ರಾತಿಭಾಸಿಕ, ವ್ಯಾವಹಾರಿಕ, ಪಾರಮಾರ್ಥಿಕ ಎಂದು ಸತ್ಯದ ಮೂರು ನೆಲೆಗಳು. ಹಗ್ಗದಲ್ಲಿ ಕಂಡ ಹಾವು ಮೊದಲನೆಯದು, ನಾವು ನೀರು ತುಂಬುವ ಕೊಡ ಎರಡನೆಯದು, ಬ್ರಹ್ಮ ಮೂರನೆಯದು. ಅಲ್ಲಿ ‘ವ್ಯಾವಹಾರಿಕ’ ಎಂದರೆ ಸದ್ಯಕ್ಕೆ ನಡೆಯುವ, ಕೊನೆಗೆ ಬಿಟ್ಟುಹೋಗುವ ಸತ್ಯ. ಜೇಮ್ಸ್ ಅವರ ವಾದದಲ್ಲಿ ಅದರಾಚೆಗೆ ಕಾದಿರುವ ಪಾರಮಾರ್ಥಿಕ ನೆಲೆ ಇಲ್ಲ. ‘ವ್ಯಾವಹಾರಿಕವಾದ’ ಎಂದು ಬರೆದರೆ ವೇದಾಂತ ಬಲ್ಲ ಕನ್ನಡಿಗ ಜೇಮ್ಸ್ ಅವರನ್ನು ಶಂಕರರ ಕೆಳಮೆಟ್ಟಿಲಲ್ಲಿ ಕೂರಿಸಿಬಿಡುತ್ತಾನೆ. ‘ಪ್ರಯೋಜನವಾದ’ ಎಂದರೆ ಬೆಂಥಮ್ ಮತ್ತು ಮಿಲ್ ಅವರ ಉಪಯುಕ್ತತಾವಾದದ ಜೊತೆ ಬೆರೆತುಹೋಗುತ್ತದೆ. ನನ್ನ ಸಲಹೆ: ತತ್ವಶಾಸ್ತ್ರದಲ್ಲಿ ‘ಪ್ರಾಗ್ಮ್ಯಾಟಿಸಂ’ ಎಂದೇ ಇಟ್ಟು, ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿ.

‘ಕಾರ್ಯಸಾಧ್ಯ’ ಯೋಜನೆಗೆ ಹೇಳುವ ಪದ, ಮನುಷ್ಯನಿಗಲ್ಲ. ‘ಸಮಯಪ್ರಜ್ಞೆ’ ತಟ್ಟನೆ ಹೊಳೆಯುವ ಬುದ್ಧಿ; ರೈಲು ಹಳಿಯ ಮೇಲೆ ಮರ ಬಿದ್ದದ್ದನ್ನು ಕಂಡು ಕೆಂಪು ಬಟ್ಟೆ ಬೀಸಿದವನದು ಸಮಯಪ್ರಜ್ಞೆ, ಅಳೆದು ತೂಗಿದ ನಿರ್ಧಾರಕ್ಕೆ ಅದು ಸಲ್ಲದು. ವ್ಯಕ್ತಿಯನ್ನು ಮೆಚ್ಚಿ ಹೇಳುವಾಗ ‘ವ್ಯವಹಾರಜ್ಞಾನ ಉಳ್ಳವರು’, ‘ಲೋಕಾನುಭವಿ’, ‘ವಿವೇಕಿ’ ಎಂಬುವು ಸಹಜವಾಗಿ ಕೂರುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಳ್ಳಿಯ ಹಿರಿಯರ ಮಾತು: ‘ಆಗುವ ಮಾತು ಹೇಳುವ ಮನುಷ್ಯ’. ‘ಅದೆಲ್ಲ ಇರಲಿ, ಆಗುವ ಮಾತು ಹೇಳಿ’ ಎಂದು ಪಂಚಾಯಿತಿಯಲ್ಲಿ ಯಾರಾದರೂ ಅಂದರೆ ಇಡೀ ಪ್ರಾಗ್ಮ್ಯಾಟಿಸಂ ಐದು ಪದಗಳಲ್ಲಿ ಬಂದು ನಿಲ್ಲುತ್ತದೆ.

ಗಾದೆಗಳೂ ಕೆಲಸಕ್ಕೆ ಬರುತ್ತವೆ, ಆದರೆ ಪ್ರತಿಯೊಂದರ ಒಲವು ಬೇರೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಮಿತಿಯನ್ನು ಹೇಳುತ್ತದೆ. ‘ಹಾವೂ ಸಾಯಬೇಕು, ಕೋಲೂ ಮುರಿಯಬಾರದು’ ಉಪಾಯವನ್ನು ಹೇಳುತ್ತದೆ. ಪ್ರಾಗ್ಮ್ಯಾಟಿಕ್‌ಗೆ ತೀರ ಸಮೀಪ. ‘ಮೂಗಿಗಿಂತ ಮೂಗುತಿ ಭಾರ’ ಲಾಭಕ್ಕಿಂತ ವೆಚ್ಚ ಹೆಚ್ಚಾದ ಯೋಜನೆಯನ್ನು ತಳ್ಳಿಹಾಕಲು ಸರಿ. ‘ಗಾಳಿ ಬಂದಾಗ ತೂರಿಕೋ’ ಎಂಬುದು ಕಣದಲ್ಲಿ ದುಡಿಯುವ ರೈತನ ಬಾಯಲ್ಲಿ ವಿವೇಕ, ಪಕ್ಷಾಂತರಿಯ ಬಾಯಲ್ಲಿ ಅವಕಾಶವಾದ.

ಹೆಜ್ಜೆ 6: ವಿಶೇಷಣ ತೆಗೆದು ವಾಕ್ಯವನ್ನು ತಿದ್ದಿ

‘1991ರಲ್ಲಿ ಭಾರತ ಸರ್ಕಾರ ಪ್ರಾಗ್ಮ್ಯಾಟಿಕ್ ನಿರ್ಧಾರಗಳನ್ನು ಕೈಗೊಂಡಿತು’ ಎಂಬ ವಾಕ್ಯ ಓದುಗನಿಗೆ ಏನನ್ನೂ ಕೊಡುವುದಿಲ್ಲ. ಅದರ ಬದಲು: ‘ಆಮದಿಗೆ ಕಟ್ಟಲು ವಿದೇಶಿ ವಿನಿಮಯ ಬರಿದಾಗುತ್ತಿದ್ದಾಗ, 1991ರ ಜುಲೈನಲ್ಲಿ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ಸಾಲ ತರಲಾಯಿತು; ಅದೇ ತಿಂಗಳು ರೂಪಾಯಿಯ ಮೌಲ್ಯವನ್ನು ಎರಡು ಸಲ ಇಳಿಸಲಾಯಿತು.’ ಮನೆಯ ಒಡವೆ ಅಡವಿಡುವ ಸಂಕಟ ಗೊತ್ತಿರುವ ಓದುಗನಿಗೆ ಇನ್ನು ವಿಶೇಷಣ ಬೇಕಿಲ್ಲ.

ವ್ಯಕ್ತಿಯ ವಿಷಯದಲ್ಲೂ ಹೀಗೆಯೇ. ‘ಅವಳು ಪ್ರಾಗ್ಮ್ಯಾಟಿಕ್ ಹುಡುಗಿ’ ಎಂಬುದಕ್ಕಿಂತ ‘ಬೇಕಾದ ಕಾಲೇಜಿನಲ್ಲಿ ಸೀಟು ಸಿಗದಾಗ ಒಂದು ವರ್ಷ ಕಾಯುವ ಬದಲು, ಪಕ್ಕದ ಊರಿನ ಕಾಲೇಜಿನಲ್ಲಿ ಅದೇ ವಿಷಯಕ್ಕೆ ಸೇರಿಕೊಂಡಳು’ ಎಂಬುದು ಮೇಲು. ಇಲ್ಲಿ ‘ಅದೇ ವಿಷಯಕ್ಕೆ’ ಎಂಬುದು ಮುಖ್ಯ. ಅದು ಇಲ್ಲದಿದ್ದರೆ ಅವಳು ಗುರಿಯನ್ನೇ ಬಿಟ್ಟಂತೆ ಕೇಳಿಸುತ್ತದೆ. ಉದ್ಯೋಗದ ಅರ್ಜಿಯಲ್ಲಿ ತಮ್ಮನ್ನು ತಾವೇ ಪ್ರಾಗ್ಮ್ಯಾಟಿಕ್ ಎಂದು ಬಣ್ಣಿಸಿಕೊಳ್ಳುವ ರೂಢಿಯೂ ಬೆಳೆದಿದೆ. ಇದು ಬೇರೆಯವರು ನಮ್ಮ ಬಗ್ಗೆ ಹೇಳಬೇಕಾದ ಮಾತು. ಅರ್ಜಿಯಲ್ಲಿ ಒಂದು ಕೆಲಸವನ್ನು ಎಷ್ಟು ಹಣದಲ್ಲಿ, ಏನನ್ನು ಕೈಬಿಟ್ಟು ಮುಗಿಸಿದಿರಿ ಎಂದು ಬರೆಯುವುದೇ ಸರಿ.

ಯಾರಾದರೂ ಹೇಳಿಕೆಯಲ್ಲಿ ಈ ಪದವನ್ನು ಬಳಸಿದ್ದರೆ ಅದನ್ನು ಉದ್ಧರಣೆಯ ಚಿಹ್ನೆಯೊಳಗೆ ಅವರ ಬಾಯಲ್ಲೇ ಇಡಿ. ಸಚಿವರು ತಮ್ಮ ನಿರ್ಧಾರವನ್ನು ‘ಪ್ರಾಗ್ಮ್ಯಾಟಿಕ್’ ಎಂದು ಕರೆದರು ಎಂಬುದು ಸುದ್ದಿ. ಅದು ಪ್ರಾಗ್ಮ್ಯಾಟಿಕ್ ಎಂದು ವರದಿಗಾರ ತಾನೇ ಬರೆದರೆ ಅದು ಪ್ರಮಾಣಪತ್ರ.

ಹೆಜ್ಜೆ 7: ಕೈ ಪಳಗಿಸಲು ಕೆಲವು ವಾಕ್ಯಗಳು

‘ಪಕ್ಷದ ಟಿಕೆಟ್ ಸಿಗದ ಕಾರಣ ಅವರು ಪ್ರಾಗ್ಮ್ಯಾಟಿಕ್ ಆಗಿ ಯೋಚಿಸಿ ಎದುರಾಳಿ ಪಕ್ಷ ಸೇರಿದರು.’ ಗುರಿ ಟಿಕೆಟ್ ಮಾತ್ರ. ಜನರ ಯಾವ ಕೆಲಸವನ್ನೂ ಮುಂದಿಟ್ಟಿಲ್ಲ. ‘ಟಿಕೆಟ್ ಸಿಗದೆ ಪಕ್ಷಾಂತರ ಮಾಡಿದರು’ ಎಂದರೆ ಸಾಕು.

‘ಮಕ್ಕಳಿಗೆ ಪ್ರಾಗ್ಮ್ಯಾಟಿಕ್ ಶಿಕ್ಷಣ ಬೇಕು.’ ಕೈಕೆಲಸದ ಶಿಕ್ಷಣ ಎಂದಾದರೆ ‘ವೃತ್ತಿ ಶಿಕ್ಷಣ’ ಎನ್ನಿ. ಡ್ಯೂಯಿ ಹೇಳಿದ, ಮಾಡುತ್ತ ಕಲಿಯುವ ಪದ್ಧತಿ ಎಂದಾದರೆ ಹಾಗೆಂದೇ ಬಿಡಿಸಿ ಬರೆಯಿರಿ. ಎರಡೂ ಬೇರೆ ಬೇರೆ, ವಾಕ್ಯವನ್ನು ಬರೆದವರಿಗೇ ಯಾವುದು ಬೇಕಾಗಿದೆ ಎಂದು ಕೇಳಿ ತಿಳಿದುಕೊಳ್ಳದೆ ತಿದ್ದಬೇಡಿ.

‘ಗ್ರಾಮಸಭೆಯಲ್ಲಿ ಪ್ರಾಗ್ಮ್ಯಾಟಿಕ್ ಪರಿಹಾರ ಕಂಡುಕೊಳ್ಳಲಾಯಿತು.’ ವರದಿಗಾರರು ಇನ್ನೊಮ್ಮೆ ಊರಿಗೆ ಫೋನ್ ಮಾಡಬೇಕು. ಕೆರೆಯ ನೀರು ಯಾರ ಗದ್ದೆಗೆ ಎಷ್ಟು ದಿನ, ಯಾರು ಒಂದು ಸರದಿ ಬಿಟ್ಟುಕೊಟ್ಟರು, ತೂಬು ತೆರೆಯುವ ಹೊಣೆ ಯಾರದು? ಈ ಮೂರು ಉತ್ತರ ಸಿಕ್ಕರೆ ಸುದ್ದಿಯ ಮೊದಲ ಪ್ಯಾರಾ ಸಿದ್ಧ. ಸಿಗದಿದ್ದರೆ ಅಲ್ಲಿ ಪರಿಹಾರ ಇನ್ನೂ ಆಗಿಲ್ಲ, ಸಭೆ ಮಾತ್ರ ಮುಗಿದಿದೆ.